ಹೋಗುವಾಗ ಎರಡು ತಾಸು, ಬರುವಾಗ ಮೂರು

ಆಡಕಿ
3 ಜೂನ್ 2024

ಗೆಳೆಯ ಆಸಿಮನಿಗೆ ಅಂಬರಾಯನ ನಮಸ್ಕಾರ.

ಯಾವ ಅಂಬರಾಯ ಎಂದು ತಲೆ ಕೆರೆದುಕೊಳ್ಳಬೇಡ. ಕಾಗಿಣಾ ದಂಡೆಯ ನಮ್ಮೂರಿನಿಂದ ಆಚೆ ದಂಡೆಯ ಹೈಸ್ಕೂಲಿಗೆ ನಿಮ್ಮ ಅಬ್ಬಾ ಮಜೀದಸಾಬರ ಹರಗೋಲಿನಲ್ಲಿ ಕುಳಿತು ಬರುತ್ತಿದ್ದವನು, ಹತ್ತನೇ ತರಗತಿಯಲ್ಲಿ ನಿನ್ನ ಪಕ್ಕದ ಜಾಗದವನು, ಮಾತಿಗೊಂದು ಪ್ರಾಸ ಕಟ್ಟಿ ಮಾಸ್ತರರ ಕೈಯಲ್ಲಿ ಕಿವಿ ಹಿಂಡಿಸಿಕೊಳ್ಳುತ್ತಿದ್ದವನು. ಮೂವತ್ತು ವರ್ಷದಲ್ಲಿ ಕೂದಲು ಉದುರಿದೆ, ಪ್ರಾಸ ಚಿಗುರಿದೆ.

ಮೊನ್ನೆ ವಾಡಿ ಸ್ಟೇಷನ್ನಿನ ಹೊರಗೆ ತಾಹಿರ್ ಸಿಕ್ಕ. ನಮ್ಮ ಕೊನೆಯ ಬೆಂಚಿನ ತಾಹಿರ್. ಈಗ ಅಲ್ಲೇ ಚಹಾದಂಗಡಿ ಇಟ್ಟಿದ್ದಾನೆ. "ಲೇ ಅಂಬ್ಯಾ, ಆಸಿಮ ಶಹಾಬಾದದಾಗ ಫರಸಿ ಕಲ್ಲು ಪಾಲಿಶ್ ಮಾಡೋ ಮಷೀನಿನ ಮ್ಯಾಲಿದ್ದಾನ. ಸಂಜಿಗಿ ಅವನ ಅಂಗಳದಾಗ ಹುಡುಗುರು ತುಂಬಿರತಾರ. ರೈಲ್ವೆ ಪರೀಕ್ಷಾಕ್ಕ ಲೆಕ್ಕ ಹೇಳಿಕೊಡತಾನ. ಸಾಲಿ ಬಿಟ್ಟಾವ ಸಾಲಿ ಕಲಿತವರಿಗೆ ಕಲಸಾಕತ್ಯಾನ ನೋಡು!" ಎಂದ. ವಿಳಾಸ ಬರೆಸಿಕೊಂಡೆ. ಫೋನ್ ನಂಬರನ್ನೂ ಹೇಳಿದ, ಬರೆದುಕೊಳ್ಳಲಿಲ್ಲ. ಯಾಕೆಂದರೆ ನಾನು ಆಡಕಿಯ ಶಾಖಾ ಅಂಚೆ ಕಚೇರಿಯ ಪೋಸ್ಟ್‌ಮಾಸ್ಟರು. ಹೆಸರಿಗೆ ಮಾಸ್ಟರು, ನೌಕರಿ ಕಾಯಂ ಅಲ್ಲ. ಕಚೇರಿಯಲ್ಲಿ ಕಾಯಂ ಅನ್ನಬಹುದಾದದ್ದು ಗೋಡೆಯ ಹಲ್ಲಿ ಒಂದೇ. ನಾನೇ ಪತ್ರ ಬರೆಯದಿದ್ದರೆ ಊರಲ್ಲಿ ಇನ್ನಾರು ಬರೆಯಬೇಕು? ಜೊತೆಗೆ, ಫೋನಿನಲ್ಲಿ ಯಾರಾದರೂ ಲೆಕ್ಕ ವಿವರಿಸಿದರೆ ತಿಳಿಯದಿದ್ದರೂ "ಹೂಂ, ಹೂಂ" ಅನ್ನುವ ಚಟ ನನಗಿದೆ.

ಹೌದು, ಲೆಕ್ಕವೇ. ಕಾಯಂ ಪೋಸ್ಟ್‌ಮನ್ ಆಗಲು ಇಲಾಖೆಯ ಪರೀಕ್ಷೆ ಇದೆ, ಸೆಪ್ಟೆಂಬರ್ 29ಕ್ಕೆ. ಮೂರು ಸಲ ಬರೆದು ಮೂರೂ ಸಲ ಅಂಕಗಣಿತದಲ್ಲಿ ಮುಳುಗಿದ್ದೇನೆ. ರೈಲು ಲೆಕ್ಕ ಬರುತ್ತದೆ, ನಲ್ಲಿ ಲೆಕ್ಕ ಬರುತ್ತದೆ. ದೋಣಿ ಬಂತೆಂದರೆ ಪೆನ್ನು ನಿಲ್ಲುತ್ತದೆ. ಹೆಂಡತಿ ಮಾಣಿಕಮ್ಮ ಹೇಳಿಬಿಟ್ಟಿದ್ದಾಳೆ: "ಇದೊಂದು ಸಲ ಬರಿರಿ. ಆಗಲಿಲ್ಲಂದ್ರ ಆ ಪುಸ್ತಕ ನನ್ನ ಒಲಿಗೆ, ನೀವು ನಿಮ್ಮ ಪಾಡಿಗೆ."

ನಿನಗೆ ನೆನಪಿರಬೇಕು, ದೇವಾನಂದ ಮಾಸ್ತರರು ಕಿರುಪರೀಕ್ಷೆಯಲ್ಲಿ ಕೊಟ್ಟದ್ದು: "ಒಂದು ದೋಣಿ ಪ್ರವಾಹದ ದಿಕ್ಕಿನಲ್ಲಿ 12 ಕಿ.ಮೀ. ದೂರವನ್ನು 2 ಗಂಟೆಗಳಲ್ಲಿ ಕ್ರಮಿಸಿ, ಅದೇ ದೂರವನ್ನು ಪ್ರವಾಹಕ್ಕೆ ವಿರುದ್ಧವಾಗಿ 3 ಗಂಟೆಗಳಲ್ಲಿ ಹಿಂದಿರುಗುತ್ತದೆ. ನಿಶ್ಚಲ ನೀರಿನಲ್ಲಿ ದೋಣಿಯ ವೇಗವೆಷ್ಟು?" ನನಗೆ ನಾಲ್ಕಕ್ಕೆ ನಾಲ್ಕು, ನಿನಗೆ ಸೊನ್ನೆ. ನೀನು ಬರೆದದ್ದನ್ನು ಮಾಸ್ತರರು ಗಟ್ಟಿಯಾಗಿ ಓದಿದ್ದರು: "ದೋಣಿ ವಿರುದ್ಧವಾಗಿ ಬರುವುದಿಲ್ಲ. ಅದನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ತರಬೇಕು. ಆದ್ದರಿಂದ 3 ಗಂಟೆ ದೋಣಿಯದಲ್ಲ, ಹೊತ್ತವರದು." ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ಎದ್ದು ನಿಂತು ಕಟ್ಟಿದ ಪದ್ಯವೂ ನೆನಪಿದೆಯಷ್ಟೆ?

ತಲಿಮ್ಯಾಲ ದೋಣಿ, ಹೊಂಟದ ಓಣಿ ಓಣಿ,
ಮಜೀದಸಾಬ ಹಾಕ್ಯಾನ ನೋಡ್ರಿ ಹೊಳಿಗೊಂದು ಏಣಿ!

ಎಂಥ ದಿನಗಳು! ಖರೇ ಹೇಳುತ್ತೇನೆ, ಲೆಕ್ಕಕ್ಕಿಂತ ಹೆಚ್ಚಾಗಿ ನನಗೆ ನೀನು ಬೇಕು. ಆ ತರಗತಿಯಲ್ಲಿ ಗೆಳೆಯ ಅಂತ ಇದ್ದವನು ನೀನೊಬ್ಬನೇ. ಮೂವತ್ತು ವರ್ಷ ಹುಡುಕಲಿಲ್ಲ ಅನ್ನುವುದು ನನ್ನ ಸೋಮಾರಿತನ. ಉತ್ತರ ಬರೆ.

ನಿನ್ನ
ಅಂಬರಾಯ

*

ಶಹಾಬಾದ
19 ಜೂನ್ 2024

ಅಂಬರಾಯ,

ಪತ್ರ ಮುಟ್ಟಿತು. ಎಲ್ಲ ಕ್ಷೇಮ. ಅಬ್ಬಾ ನನ್ನ ಹತ್ತಿರವೇ ಇದ್ದಾರೆ. ಎಂಬತ್ತೊಂದು ತುಂಬಿತು. ಕಣ್ಣು ಮಂಜು, ಕಿವಿ ಚುರುಕು. ಮಗಳು ಮಹೆವಿಶ ಡಿಗ್ರಿ ಮೊದಲ ವರ್ಷ ಓದುತ್ತಿದ್ದಾಳೆ.

ನಿನ್ನ ಲೆಕ್ಕ. ಮೊದಲು ಹೊಳೆಯನ್ನು ಬಿಟ್ಟು ತಾಸನ್ನು ಹಿಡಿ. ಹೋಗುವಾಗ ಒಂದು ತಾಸಿಗೆ ಎಷ್ಟು ದೂರ, ಬರುವಾಗ ಒಂದು ತಾಸಿಗೆ ಎಷ್ಟು ದೂರ? ಹೋಗುವಾಗಿನ ವೇಗದಲ್ಲಿ ಹುಟ್ಟು ಹಾಕುವ ಕೈಯೂ ಇದೆ, ಹೊಳೆಯೂ ಇದೆ. ಬರುವಾಗಿನದರಲ್ಲಿ ಕೈ ಇದೆ, ಹೊಳೆ ತನ್ನ ಪಾಲು ಕಸಿದುಕೊಂಡಿದೆ. ಈ ಎರಡು ವೇಗಗಳ ಸರಿಯಾಗಿ ನಡುವೆ ನಿಂತದ್ದು ಕೈಯ ವೇಗ. ಪುಸ್ತಕದಲ್ಲಿ ಅದಕ್ಕೇ "ನಿಶ್ಚಲ ನೀರಿನಲ್ಲಿ ದೋಣಿಯ ವೇಗ" ಎನ್ನುತ್ತಾರೆ.

ಬಿಡಿಸಿ ಕಳಿಸು. ಉತ್ತರ ನಾನು ಹೇಳುವುದಿಲ್ಲ.

ಆಸಿಮ

*

ಆಡಕಿ
27 ಜೂನ್ 2024

ಪ್ರಿಯ ಆಸಿಮ,

ನಿನ್ನ ಪತ್ರ ತಂದ ಚೀಲವನ್ನು ಬಿಚ್ಚಿದವನೂ ನಾನೇ, ಮುದ್ರೆ ಹೊಡೆದವನೂ ನಾನೇ, ನನಗೆ ಬಟವಾಡೆ ಮಾಡಿದವನೂ ನಾನೇ. ಕೂಗಿ ಕರೆದು ಕೊಟ್ಟುಕೊಂಡೆ: "ಅಂಬರಾಯ್ರೇ, ಟಪ್ಪಾಲ್ ಬಂದದ ನೋಡ್ರಿ!" ಮಾಣಿಕಮ್ಮ ಒಳಗಿನಿಂದ, "ಇವರಿಗೆ ದೋಣಿ ಲೆಕ್ಕ ತಲಿಗೇರ್ಯಾದ" ಅಂದಳು.

ಬಿಡಿಸಿದೆ. ನಡುವೆ ಅಂದೆಯಲ್ಲ, ಅದನ್ನೇ ಹಿಡಿದೆ. ಹೋಗಿ ಬರುವ ದೂರ ಒಟ್ಟು 24 ಕಿ.ಮೀ., ಹಿಡಿದ ಸಮಯ ಒಟ್ಟು 5 ತಾಸು. ಭಾಗಿಸಿದರೆ ತಾಸಿಗೆ 4.8. ಇದು ಕೈಯ ವೇಗ. ಹೋಗುವಾಗಿನ ವೇಗ 6, ಅಂದರೆ ಹೊಳೆ 1.2 ಕೊಟ್ಟಿತು. ಬರುವಾಗಿನದು 4, ಅಂದರೆ ಹೊಳೆ 0.8 ಕಸಿಯಿತು. ಕೊಡುವಾಗ ಧಾರಾಳಿ, ಕಸಿಯುವಾಗ ಕರುಣಾಳಿ! ಒಂದೇ ಹೊಳೆಗೆ ಎರಡು ವೇಗ. ಇಂಥ ಹೊಳೆ ಸೇಡಂ ತಾಲ್ಲೂಕಿನಲ್ಲಂತೂ ಇಲ್ಲ, ಚಿತ್ತಾಪುರದ ಕಡೆ ಇದ್ದರೆ ತಿಳಿಸು.

ಲೆಕ್ಕ ಮಾಡಲು ಕುಳಿತವನಿಗೆ ಹೊಳೆಯೇ ಕಣ್ಣಿಗೆ ಬರುತ್ತದೆ. ಚಿಂಚೋಳಿ ಕಡೆ ಮಳೆ ಬಿದ್ದ ಮರುದಿನ ನಮ್ಮ ನೀರು ಕೆಂಪಗಾಗುತ್ತಿತ್ತಲ್ಲ! ಹದಿನಾಲ್ಕು ಹುಡುಗರನ್ನು ಹರಗೋಲಿನಲ್ಲಿ ತುಂಬಿಕೊಂಡು ಮಜೀದ ಚಾಚಾ ಕೂಗುತ್ತಿದ್ದರು, "ನಡುವ ಕುಂದ್ರಿ, ಪಾಟಿಚೀಲ ತೊಡಿ ಮ್ಯಾಲ! ಯಾರರ ಎದ್ದು ನಿಂತ್ರ ಹೊಳಿ ಪಾಲು!" ಹರಗೋಲು ಬುಗುರಿಯಂತೆ ತಿರುಗುತ್ತ ಹೋಗಿ, ಶಾಲೆಯ ಎದುರಿಗಿನ ಜಾಗ ಬಿಟ್ಟು ಎಷ್ಟೋ ಕೆಳಗೆ ಜಾಲಿಮರದ ಹತ್ತಿರ ಮುಟ್ಟುತ್ತಿತ್ತು. ಸಂಜೆ ನೀನೂ ಚಾಚಾನೂ ಅದನ್ನು ಬೋರಲು ಮಾಡಿ ಹೊತ್ತು ದಂಡೆಗುಂಟ ಮೇಲಕ್ಕೆ ಹೋಗುವುದನ್ನು ನೋಡುತ್ತಿದ್ದೆ. ಮುಂದೆ ಚಾಚಾನ ತಲೆ, ಹಿಂದೆ ಅಂಚು ಹಿಡಿದ ನಿನ್ನ ಕೈ. ದೂರದಿಂದ ನಾಲ್ಕು ಕಾಲಿನ ಕರಿ ಆಮೆ.

ಆಮೇಲೆ ಸೇತುವೆ ಬಂತು, ಚಾಚಾನ ಕೆಲಸ ಹೋಯಿತು, ಮನೆಗೆ ನೀನು ಬೇಕಾದೆ, ಶಾಲೆ ಬಿಟ್ಟೆ. ಆ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ಅದನ್ನು ಬೈಯುತ್ತೇನೆ. ಬೈದುಕೊಂಡೇ ದಾಟುತ್ತೇನೆ.

ನಮ್ಮ "ತಲಿಮ್ಯಾಲ ದೋಣಿ"ಗೆ ಎರಡನೇ ನುಡಿ ಕಟ್ಟಲು ಶುರು ಮಾಡಿದ್ದೇನೆ. ಮುಗಿದ ಕೂಡಲೇ ಕಳಿಸುತ್ತೇನೆ.

ನಿನ್ನ
ಅಂಬರಾಯ

*

ಶಹಾಬಾದ
15 ಜುಲೈ 2024

ಅಂಬರಾಯ,

ತಪ್ಪು ಮಾಡಿದ್ದೀಯ, ಆದರೆ ತಪ್ಪಾಗಿದೆ ಅನ್ನುವುದು ನಿನಗೇ ಗೊತ್ತಾಗಿದೆ. ಅದು ಒಳ್ಳೆಯದು.

ನಾನು ಹೇಳಿದ್ದು ಎರಡು ವೇಗಗಳ ನಡುವೆ. ನೀನು ತೆಗೆದದ್ದು ಇಡೀ ಪ್ರಯಾಣದ ಸರಾಸರಿ. ಬರುವಾಗ ಹೊಳೆ ನಿನ್ನನ್ನು ಮೂರು ತಾಸು ಹಿಡಿದಿಟ್ಟಿತು, ಹೋಗುವಾಗ ಎರಡೇ ತಾಸು ಜೊತೆಗಿತ್ತು. ಕಷ್ಟದಲ್ಲಿ ಹೆಚ್ಚು ಹೊತ್ತು ಇದ್ದುದರಿಂದ ಸರಾಸರಿ ಆ ಕಡೆ ವಾಲಿತು. 6 ಮತ್ತು 4ರ ನಡುವೆ ಏನಿದೆ ಎಂದು ಮಹೆವಿಶಳನ್ನು ಎರಡನೇ ತರಗತಿಯಲ್ಲಿ ಕೇಳಿದ್ದರೂ ಹೇಳುತ್ತಿದ್ದಳು.

ಹೊಳೆಯ ವೇಗ ನೋಡಲು ಅಬ್ಬಾ ಜೋಳದ ದಂಟಿನ ತುಂಡೊಂದನ್ನು ನೀರಿಗೆ ಎಸೆಯುತ್ತಿದ್ದರು. ದಂಟಿಗೆ ಕೈ ಇಲ್ಲ. ಅದು ಹೋದದ್ದೆಲ್ಲ ಹೊಳೆಯ ವೇಗ. ಹೋಗುವಾಗ ದೋಣಿ ದಂಟಿಗಿಂತ ಎಷ್ಟು ಮುಂದೆ ಹೋಗುತ್ತದೋ ಅಷ್ಟು ಕೈಯ ಕೆಲಸ. ಬರುವಾಗ ದಂಟು ಆ ಕಡೆ, ದೋಣಿ ಈ ಕಡೆ. ಒಂದು ತಾಸಾದ ಮೇಲೆ ಅವೆರಡರ ನಡುವಿನ ಅಂತರ ನೋಡು. ಅದೂ ಕೈಯ ಕೆಲಸವೇ. ಎರಡು ಸಲವೂ ಒಂದೇ ಸಂಖ್ಯೆ ಬರಬೇಕು. ಬರದಿದ್ದರೆ ಲೆಕ್ಕ ತಪ್ಪು. ಇದು ಪುಸ್ತಕದಲ್ಲಿ ಇರುವುದಿಲ್ಲ.

ಎರಡು ಮಾತು. ಆಗ ನಾಲ್ಕಕ್ಕೆ ನಾಲ್ಕು ತೆಗೆದವನಿಗೆ ಈಗ ಯಾಕೆ ಬರುತ್ತಿಲ್ಲ? ಮತ್ತೊಂದು, ಆ ಪದ್ಯವನ್ನು ಪತ್ರದಲ್ಲಿ ಬರೆಯಬೇಡ. ಮನೆಗೆ ಬಂದ ಪತ್ರಗಳನ್ನು ಮಹೆವಿಶ ಓದುತ್ತಾಳೆ.

ಆಸಿಮ

*

(ಅಂಚೆ ಕಾರ್ಡು)

ಆಡಕಿ, 22 ಜುಲೈ 2024

ಆಸಿಮ, ಉತ್ತರ 5! ಹೊಳೆ 1! ದಂಟು ಎಸೆದು ತಾಳೆ ನೋಡಿದೆ, ಎರಡು ಸಲವೂ ಐದೇ ಬಂತು. ಮಾಣಿಕಮ್ಮನಿಗೆ ವಿವರಿಸಿದೆ, "ಮತ್ತ ಇಷ್ಟು ದಿನ ಏನು ಮಾಡಾಕತ್ತಿದ್ರಿ?" ಅಂದಳು. ನಾಲ್ಕಕ್ಕೆ ನಾಲ್ಕು ತೆಗೆದವನ ತಲೆಗೂ ತುಕ್ಕು ಹಿಡಿಯುತ್ತದಪ್ಪ, ಅಷ್ಟೇ.

ಮಹೆವಿಶ ಓದುತ್ತಾಳೆ ಎಂದು ಸಂಕೋಚವೇ? ಕಾಲೇಜಿನ ಹುಡುಗಿಯ ಮುಂದೆ ಒರಟು ಪ್ರಾಸ ಬೇಡ ಅನ್ನುವುದು ಸರಿ. ಅವಳಿಗೆಂದೇ ತಿದ್ದಿದ್ದೇನೆ. ಎಲ್ಲರೂ ಓದಲಿ ಎಂದೇ ಬಿಚ್ಚು ಕಾರ್ಡಿನಲ್ಲಿ ಬರೆದಿದ್ದೇನೆ. ಬೇಟಾ ಮಹೆವಿಶ, ಅಜ್ಜನಿಗೆ ಗಟ್ಟಿಯಾಗಿ ಓದಿ ಹೇಳಮ್ಮಾ:

ತಲೆಯ ಮೇಲೆ ಹರಗೋಲು, ದಂಡೆಯುದ್ದ ದಾರಿ,
ನೀರು ಬಿಟ್ಟು ನೆಲದ ಮೇಲೆ ಮಜೀದಸಾಬನ ಸವಾರಿ!

ಇನ್ನೂ ಹತ್ತು ಲೆಕ್ಕ ಕಳಿಸು. ಅಂಬರಾಯ

*

ಆಡಕಿ
14 ಆಗಸ್ಟ್ 2024

ಪ್ರಿಯ ಆಸಿಮ,

ಮೂರು ವಾರ ಆಯಿತು. ಕಾಗಿಣಾ ತುಂಬಿದೆ, ಸೇತುವೆಯ ಮೇಲೆ ನೀರು, ಟಪ್ಪಾಲು ಚೀಲ ಎಲ್ಲೋ ಸಿಕ್ಕಿಕೊಂಡಿರಬೇಕು. ದೋಣಿ ಲೆಕ್ಕದ ಪತ್ರ ಹೊಳೆ ದಾಟಲಾರದೆ ನಿಂತಿದೆ ಎಂದರೆ ನಗುವುದೋ ಅಳುವುದೋ!

ಪುಸ್ತಕದ ಲೆಕ್ಕಗಳಲ್ಲಿ ಆರು ಬಿಡಿಸಿದೆ. ಏಳನೆಯದು ಬರುತ್ತಿಲ್ಲ. ದೂರವನ್ನೇ ಕೊಟ್ಟಿಲ್ಲ. ಬರುವ ಸಮಯ ಹೋಗುವ ಸಮಯದ ಎರಡರಷ್ಟು ಎಂದಷ್ಟೇ ಹೇಳಿ, ದೋಣಿಯ ವೇಗಕ್ಕೂ ಹೊಳೆಯ ವೇಗಕ್ಕೂ ಇರುವ ಅನುಪಾತ ಕೇಳಿದ್ದಾರೆ. ಎಲ್ಲಿಂದ ಹಿಡಿಯಬೇಕು?

ಚಾಚಾನಿಗೆ ಪದ್ಯ ಹಿಡಿಸಿತೇ?

ಅಂಬರಾಯ

*

ಆಡಕಿ
2 ಸೆಪ್ಟೆಂಬರ್ 2024

ಆಸಿಮ,

ನೀರು ಇಳಿದು ಹದಿನೈದು ದಿನವಾಯಿತು. ಚೀಲ ದಿನವೂ ಬರುತ್ತಿದೆ. ಬಿಚ್ಚುವವನು ನಾನೇ ಆದ್ದರಿಂದ ನೆಪ ಹೇಳಿಕೊಳ್ಳಲೂ ದಾರಿಯಿಲ್ಲ. ನಿನ್ನದಿಲ್ಲ.

ಮೈಯಲ್ಲಿ ಹುಷಾರಿಲ್ಲವೇ? ಚಾಚಾ ಹೇಗಿದ್ದಾರೆ? ವಾಡಿಗೆ ಹೋಗಿ ತಾಹಿರನನ್ನು ಕೇಳಿದೆ. "ಆಸಿಮ ಆರಾಮ ಇದ್ದಾನಲ್ಲೋ, ನಿನ್ನಿ ಭೆಟ್ಟಿ ಆಗಿದ್ದ" ಅಂದ. ಅವನು ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಬಂದೆ. ಆರಾಮ ಇದ್ದೂ ಬರೆಯಲಿಲ್ಲ ಅಂದರೆ ನಾನು ಏನೋ ಮಾಡಿದ್ದೇನೆ. ಏನೆಂದು ತಿಳಿಯುತ್ತಿಲ್ಲ.

ಏಳನೇ ಲೆಕ್ಕ ಹಾಗೇ ಇದೆ. ಅದು ಇರಲಿ. ನೀನು ಬೈದಾದರೂ ಬರೆ.

ಅಂಬರಾಯ

*

ಶಹಾಬಾದ
11 ಸೆಪ್ಟೆಂಬರ್ 2024

ಅಂಬರಾಯ,

ಏನು ಮಾಡಿದ್ದೀಯ ಎಂದು ಕೇಳಿದ್ದೀಯ. ಹೇಳುತ್ತೇನೆ.

ಸೇತುವೆ ಬಂದದ್ದು 1997ರಲ್ಲಿ. ನಾನು ಶಾಲೆ ಬಿಟ್ಟದ್ದು 1994ರ ನವೆಂಬರಿನಲ್ಲಿ. ಕಳೆದು ನೋಡಿದ್ದರೆ ನಿನಗೇ ತಿಳಿಯುತ್ತಿತ್ತು. ಯಾರೂ ಕಳೆದು ನೋಡಲಿಲ್ಲ. ನಾನೂ ಎಲ್ಲರಿಗೂ ಸೇತುವೆಯ ಹೆಸರನ್ನೇ ಹೇಳುತ್ತ ಬಂದೆ.

ನನ್ನ ಉತ್ತರದಲ್ಲಿ ಸುಳ್ಳೇನಿತ್ತು? ದುಂಡನೆಯ ಹರಗೋಲು ತುಂಬಿದ ಹೊಳೆಯಲ್ಲಿ ಎದುರು ಏರುವುದಿಲ್ಲ. ದಿನವೂ ಸಂಜೆ ನಾನೂ ಅಬ್ಬಾನೂ ಹೊತ್ತು ತರುತ್ತಿದ್ದೆವು. ಕಂಡದ್ದನ್ನು ಬರೆದೆ. ಸೊನ್ನೆ ಬಂದದ್ದಕ್ಕೆ ನನಗೆ ಬೇಸರವಿರಲಿಲ್ಲ, ಮಾಸ್ತರರು ಆಮೇಲೆ ಕರೆದು ಲೆಕ್ಕ ತಿಳಿಸಿ ಹೇಳಿದರು. ನಿನ್ನ ಪದ್ಯ ಮಾತ್ರ ತರಗತಿಯಲ್ಲಿ ಉಳಿಯಲಿಲ್ಲ. ಮರುದಿನ ಹರಗೋಲಿನಲ್ಲಿ ಕುಳಿತ ಸಣ್ಣ ಹುಡುಗಿಯರೂ ಚಪ್ಪಾಳೆ ಹಾಕಿ ಅದನ್ನೇ ಹಾಡಿದರು. ಅಬ್ಬಾ ಹುಟ್ಟು ಹಾಕುತ್ತ ನಕ್ಕರು. ಸಂತೆಗೆ ಹೋಗುವವರೂ ಕಲಿತರು. "ಏನ್ ಮಜೀದಸಾಬ, ಏಣಿ ತಂದೀರೇನ್ರಿ?" ಎಂದು ಕೇಳುತ್ತಿದ್ದರು.

ನಾನು ಸಂಜೆ ದಂಡೆಗೆ ಹೋಗುವುದನ್ನು ಬಿಟ್ಟೆ. ಓದುವುದಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ಹದಿನೈದು ದಿನದ ಮೇಲೆ ಒಮ್ಮೆ ಹೋಗಿ ನೋಡಿದರೆ ಅಬ್ಬಾನ ತಲೆಯ ಮೇಲೆ ಹರಗೋಲು ಇರಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಎದೆಮಟ್ಟದ ನೀರಿನಲ್ಲಿ ದಂಡೆಗುಂಟ ಅದನ್ನು ಎಳೆದು ತರುತ್ತಿದ್ದರು. ಹೊತ್ತರೆ ಅರ್ಧ ತಾಸಿನ ದಾರಿ. ಎಳೆದರೆ ಒಂದೂವರೆ ತಾಸು. ತಲೆಯ ಮೇಲೆ ಕಂಡರೆ ಜನ ಹಾಡುತ್ತಾರೆ ಎಂದು ನನ್ನ ಅಬ್ಬಾ ನೀರಿನಲ್ಲಿ ಅಡಗಿಕೊಂಡು ಬರುತ್ತಿದ್ದರು. ಅದನ್ನು ನೋಡಿದ ವಾರವೇ ನಾನು ಶಾಲೆ ಬಿಟ್ಟು ಶಹಾಬಾದಿನ ಕಲ್ಲಿನ ಕೆಲಸಕ್ಕೆ ಬಂದೆ. ಆ ತರಗತಿಯಲ್ಲಿ ನಿನ್ನ ಪಕ್ಕ ಕೂರಲು ನನ್ನಿಂದ ಆಗಲಿಲ್ಲ.

ನಿನ್ನ ಕಾರ್ಡು ಬಂದ ದಿನ ಮಹೆವಿಶ, ನೀನು ಬರೆದಂತೆಯೇ, ಅಜ್ಜನಿಗೆ ಗಟ್ಟಿಯಾಗಿ ಓದಿದಳು. ಅವಳಿಗೆ ಏನೂ ಗೊತ್ತಿಲ್ಲ. ಅಬ್ಬಾ ಊಟ ಮಾಡುತ್ತಿದ್ದರು. "ಯಾರು ಬರದಾರ?" ಅಂದರು. "ಅಂಬರಾಯ ಅಂತ" ಅಂದಳು. ಅವರು ರೊಟ್ಟಿ ಬಿಟ್ಟು ಕೈ ತೊಳೆದುಕೊಂಡರು.

ಏಳನೇ ಲೆಕ್ಕ: ದೂರ ಒಂದೇ ಆದ್ದರಿಂದ, ಸಮಯ ಎರಡರಷ್ಟಾದರೆ ವೇಗ ಅರ್ಧ. ಬರುವಾಗಿನ ವೇಗ 1 ಎಂದುಕೋ, ಹೋಗುವಾಗಿನದು 2. ನಡುವೆ ಒಂದೂವರೆ, ಅದು ದೋಣಿ. ಹೊಳೆ ಅರ್ಧ. ಅನುಪಾತ 3:1. ಇನ್ನೂ ಒಂಬತ್ತು ಲೆಕ್ಕ ಬಿಡಿಸಿ ಈ ಪತ್ರದೊಳಗೆ ಇಟ್ಟಿದ್ದೇನೆ. ಒಪ್ಪಿಕೊಂಡ ಕೆಲಸ, ಅದಕ್ಕೆ.

ಇನ್ನು ಬರೆಯಬೇಡ.

ಆಸಿಮ

*

ಆಡಕಿ
18 ಸೆಪ್ಟೆಂಬರ್ 2024

ಆಸಿಮ,

ಬರೆಯಬೇಡ ಅಂದಿದ್ದೀಯ. ಇದೊಂದನ್ನು ಬರೆಯದಿದ್ದರೆ ನನಗೆ ಆಗುವುದಿಲ್ಲ. ಓದಲೇಬೇಕೆಂದಿಲ್ಲ.

ಆ ಲೆಕ್ಕ ನನಗೆ ಅಂದೂ ಬರುತ್ತಿರಲಿಲ್ಲ. ಉತ್ತರವನ್ನು ಗೈಡು ನೋಡಿ ಬಾಯಿಪಾಠ ಮಾಡಿದ್ದೆ. "5" ಎಂದು ಬರೆದೆ, ಮೇಲೆ ಎರಡು ಸಾಲು ಗೈಡಿನದ್ದೇ ಇಳಿಸಿದೆ, ನಾಲ್ಕು ಅಂಕ ಬಂತು. ಮಾಸ್ತರರು ನಿನ್ನ ಉತ್ತರ ಓದಿದ ಮೇಲೆ ನನ್ನ ಕಡೆ ತಿರುಗಿದರು. "ಅಂಬರಾಯ, ನಿಂದು ಸರಿ ಅದ. ಬಾ, ಬೋರ್ಡಿನ ಮ್ಯಾಲ ಬಿಡಿಸಿ ತೋರಸು. ಆಸಿಮಗ ತಿಳೀಲಿ" ಅಂದರು. ನಿನಗೆ ಇದು ನೆನಪಿಲ್ಲದಿರಬಹುದು. ನನಗೆ ಆ ಸುಣ್ಣದ ತುಂಡಿನ ಬಣ್ಣವೂ ನೆನಪಿದೆ, ಹಳದಿ. ಎದ್ದು ನಿಂತೆ. ಬೋರ್ಡಿಗೆ ಹೋದರೆ ಗುಟ್ಟು ರಟ್ಟಾಗುತ್ತದೆ. ಹೋಗುವ ಬದಲು ಆ ಪದ್ಯ ಹೇಳಿದೆ. ತರಗತಿ ಎಷ್ಟು ನಕ್ಕಿತೆಂದರೆ ಗಂಟೆ ಹೊಡೆಯುವವರೆಗೂ ನಿಲ್ಲಲಿಲ್ಲ. ಬೋರ್ಡಿನ ಮಾತು ಎಲ್ಲರಿಗೂ ಮರೆತುಹೋಯಿತು. ನಾನು ಉಳಿದುಕೊಂಡೆ.

ಇಷ್ಟು ವರ್ಷ ಅದನ್ನು ನಮ್ಮ ಬಾಲ್ಯದ ಚಂದದ ನೆನಪು ಎಂದು ಹೇಳಿಕೊಂಡು ತಿರುಗಿದ್ದೇನೆ. ಮಾಣಿಕಮ್ಮನಿಗೆ ಹೇಳಿದ್ದೇನೆ, ಮಕ್ಕಳಿಗೆ ಹೇಳಿದ್ದೇನೆ. ನೀನು ಯಾಕೆ ಶಾಲೆ ಬಿಟ್ಟೆ ಎಂದು ಒಂದು ದಿನ ನಿಮ್ಮ ಮನೆಗೆ ಬಂದು ಕೇಳಲಿಲ್ಲ. ನಿಮ್ಮ ಮನೆ ನಮ್ಮ ಮನೆಯಿಂದ ಎರಡು ಓಣಿ. ಕೇಳಿದರೆ ಏನು ಹೇಳುತ್ತೀಯೋ ಎಂದು ಒಳಗೆಲ್ಲೋ ಗೊತ್ತಿತ್ತು ಅನ್ನಿಸುತ್ತದೆ. ಬೇಡ ಅಂದರೂ ಕಾರ್ಡಿನಲ್ಲಿ ಬರೆದೆ. ಅಂಚೆಯವನಾಗಿ, ಕಾರ್ಡನ್ನು ಯಾರು ಯಾರು ಓದುತ್ತಾರೆ ಎಂದು ತಿಳಿದೇ ಬರೆದೆ.

ನಿನ್ನ ಉತ್ತರ ಸರಿಯಾಗಿತ್ತು. ಹರಗೋಲು ಹೊರುವವರ ವೇಗದಿಂದ ಹೊಳೆಯ ವೇಗ ತೆಗೆಯಲು ಬರುವುದಿಲ್ಲ. ಇದನ್ನು ತಿಳಿಯಲು ನನಗೆ ನೀನು ಕಲಿಸಿದ ಮೂರು ಪತ್ರ ಬೇಕಾಯಿತು. ನಿನಗೆ ಅದು ಹದಿನೈದನೇ ವಯಸ್ಸಿನಲ್ಲಿ ಗೊತ್ತಿತ್ತು.

ತಪ್ಪಾಯಿತು. ಚಾಚಾನ ಮುಂದೆ ಬಂದು ಇದನ್ನೇ ಹೇಳಬೇಕೆಂದಿದೆ. ನೀನು ಬಾ ಅನ್ನುವವರೆಗೆ ಬರುವುದಿಲ್ಲ.

ಅಂಬರಾಯ

*

ಆಡಕಿ
1 ಅಕ್ಟೋಬರ್ 2024

ಆಸಿಮ,

ಸುದ್ದಿ ತಿಳಿಸುವುದು ಬಾಕಿ ಇತ್ತು, ಅಷ್ಟಕ್ಕೆ ಈ ಪತ್ರ. ಭಾನುವಾರ ಕಲಬುರಗಿಯಲ್ಲಿ ಪರೀಕ್ಷೆ ಆಯಿತು. ದೋಣಿ ಲೆಕ್ಕ ಬಂದಿತ್ತು, ಒಂದೇ. ಬಿಡಿಸಿದೆ. ಬೇರೆ ದಾರಿಯಲ್ಲಿ ಮತ್ತೊಮ್ಮೆ ಬಿಡಿಸಿದೆ. ದಂಟು ಎಸೆದು ಮೂರನೇ ಸಲ ತಾಳೆ ನೋಡಿದೆ. ಮೂರೂ ಒಂದೇ. ತಲೆ ಎತ್ತಿದರೆ ಇಪ್ಪತ್ತು ನಿಮಿಷ ಹೋಗಿತ್ತು. ಕೊನೆಯ ಆರು ಪ್ರಶ್ನೆ ಹಾಗೇ ಉಳಿದವು. ಪಾಸಾಗುವ ಆಸೆ ಇಲ್ಲ. ಮಾಣಿಕಮ್ಮನಿಗೆ ಪುಸ್ತಕ ಕೊಟ್ಟೆ. ಯಾಕೋ ಅವಳು ಒಲೆಗೆ ಹಾಕಲಿಲ್ಲ, ಗೋಡೆಯ ಮಾಡದಲ್ಲಿ ಇಟ್ಟಳು.

ಕಲಿಸಿದ್ದಕ್ಕೆ ಋಣಿ.

ಅಂಬರಾಯ

*

ಶಹಾಬಾದ
13 ಅಕ್ಟೋಬರ್ 2024

ಅಂಬರಾಯ,

ನಿನ್ನ ಸೆಪ್ಟೆಂಬರಿನ ಪತ್ರವನ್ನು ಎರಡು ವಾರ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ. ಎರಡನೆಯದು ಬಂದ ಮೇಲೆ, ಮೊನ್ನೆ ಸಂಜೆ, ಎರಡನ್ನೂ ಅಬ್ಬಾನಿಗೆ ಓದಿದೆ. ಒಂದು ಅಕ್ಷರ ಬಿಡದೆ ಓದಿದೆ.

ಬೋರ್ಡಿನ ಭಾಗ ಬಂದಾಗ ಅವರು ನನ್ನನ್ನು ನಿಲ್ಲಿಸಿದರು.

"ಆ ಪೋರಗ ಬೋರ್ಡಿಗೆ ಹೋಗಾಕ ಅಂಜಿಕಿ ಆಗಿತ್ತಾ?"

"ಹೌದಂತ, ಅಬ್ಬಾ."

"ಹೊಳ್ಯಾಗ ಅಂಜಿದವಲ್ಲ ಅವ. ತುಂಬಿದ ನೀರಾಗೂ ಬಾಯಿ ಮುಚ್ಚತಿದ್ದಿಲ್ಲ" ಎಂದು ನಕ್ಕರು. ಅವರು ನಕ್ಕದ್ದು ನನಗೆ ಹಿಡಿಸಲಿಲ್ಲ. ಮೂವತ್ತು ವರ್ಷ ಕೇಳದೆ ಇಟ್ಟದ್ದನ್ನು ಆಗ ಕೇಳಿಬಿಟ್ಟೆ: "ಮತ್ತ ನೀವ್ಯಾಕ ಹರಗೋಲ ತಲಿಮ್ಯಾಲ ಹೊರೂದು ಬಿಟ್ರಿ? ಆ ಹಾಡಿಗೆ ನಾಚಿ ಅಲ್ಲೇನು?"

ಅವರು ನನ್ನ ಮುಖದ ಕಡೆಗೆ ತಿರುಗಿದರು. ಕಾಣಿಸುವುದು ಅಷ್ಟಕ್ಕಷ್ಟೆ.

"ಹುಚ್ಚ ಇದ್ದೀ. ಹಾಡಿಗ್ಯಾಕ ನಾಚಲಿ? ಹುಡುಗುರು ಹಾಡಿಕೋತ ಕುಂತ್ರ ಹರಗೋಲದಾಗ ಯಾರೂ ಏಳತಿದ್ದಿಲ್ಲ, ನನಗ ಹಗೂರ ಆಗತಿತ್ತು. ಹರಗೋಲ ಎರಡು ಮಂದಿದು ಭಾರ, ಬೇಟಾ. ಹಿಂದಿನ ಅಂಚು ಹಿಡಿಯಾವ ನೀನು. ನೀ ಬರೂದು ಬಿಟ್ಟಿ. ಒಬ್ಬನ ಕೈಲೆ ಏಳಲಿಲ್ಲ, ಹಗ್ಗ ಕಟ್ಟಿ ಎಳದೆ."

ಅವರೇ ಮತ್ತೆ ಅಂದರು: "ನನ್ನ ಕೂಡ ಹೊರಾಕ ನನ್ನ ಮಗಗ ನಾಚಿಕಿ ಆಗ್ಯಾದ ಅಂತ ತಿಳಕೊಂಡೆ. ಅದಕ್ಕ ಕರೀಲಿಲ್ಲ. ಅವತ್ತ ಪೋರಿ ಆ ಕಾರ್ಡು ಓದಿದಾಗ ಹಿಂದ ನಿಂತಿದ್ದ ಹುಡುಗ ನೆನಪಾದ. ರೊಟ್ಟಿ ಇಳೀಲಿಲ್ಲ."

ಅಂಬರಾಯ, ಅಬ್ಬಾ ನನ್ನ ಸಲುವಾಗಿ ಸುಮ್ಮನಿದ್ದರು, ನಾನು ಅವರ ಸಲುವಾಗಿ. ಒಂದೇ ಮನೆಯಲ್ಲಿ, ಒಂದೇ ತಾಟಿನ ಎರಡು ಕಡೆ ಕುಳಿತು. ನಿನ್ನ ತಪ್ಪು ಇದ್ದಲ್ಲೇ ಇದೆ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಅದರ ಪಕ್ಕಕ್ಕೆ ನನ್ನದೂ ಒಂದು ಬಂದು ಕುಳಿತಿದೆ. ಅವತ್ತು ಸಂಜೆ ಒಂದು ಸಲ ದಂಡೆಗೆ ಇಳಿದು ಹಿಂದಿನ ಅಂಚು ಹಿಡಿದಿದ್ದರೆ ಸಾಕಿತ್ತು. ಶಾಲೆ ಬಿಡುವ ಕಾರಣವೇ ಇರುತ್ತಿರಲಿಲ್ಲ.

ಮುಂದಿನ ಭಾನುವಾರ ಬಾ. ಬಸ್ ಸ್ಟ್ಯಾಂಡಿಗೆ ನಾನು ಬರುತ್ತೇನೆ. ಮಾಣಿಕಮ್ಮ ಅವರನ್ನೂ ಕರೆದುಕೊಂಡು ಬಾ. ನೀನು ಬಿಡಿಸಿದ್ದು ಸರಿಯೋ ತಪ್ಪೋ ಎಂದು ಪತ್ರದಲ್ಲಿ ಹೇಳಿದರೆ ಅಬ್ಬಾ ನಂಬುವುದಿಲ್ಲವಂತೆ. ಅಂಗಳದ ಗೋಡೆಗೆ ನಾನು ಒಂದು ದೊಡ್ಡ ಫರಸಿಯನ್ನು ನಿಲ್ಲಿಸಿದ್ದೇನೆ, ಹುಡುಗರಿಗೆ ಅದರ ಮೇಲೆಯೇ ಲೆಕ್ಕ ಹೇಳಿಕೊಡುವುದು. ನೀನು ಎಲ್ಲರ ಮುಂದೆ ಎದ್ದು ಹೋಗಿ ಅದರ ಮೇಲೆ ದೋಣಿ ಲೆಕ್ಕ ಬಿಡಿಸಬೇಕೆಂದು ಅವರ ಹಟ. ನಿನಗೆ ಇನ್ನೂ ಅಂಜಿಕೆ ಇರಬಹುದು ಎಂದೆ. ಅದಕ್ಕೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ಅಂಜಬ್ಯಾಡ ಅಂತ ಬರಿ. ತಪ್ಪಾದ್ರ ತಪ್ಪಾಗಲಿ, ಇಲ್ಲಿ ಯಾರೂ ನಗೂದಿಲ್ಲ. ಫರಸಿ ಮ್ಯಾಲ ಬರದದ್ದು ಒಂದು ತಂಬಗಿ ನೀರು ಹಾಕಿದ್ರ ಹೋಗತದ."

ಆಸಿಮ